ತರಗತಿಗೆ ಪ್ರೊಜೆಕ್ಟರ್: ಯಂತ್ರಕ್ಕಿಂತ ಮೊದಲು ಕೊಠಡಿಯನ್ನು ನೋಡಿ

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯ ಮುಖ್ಯ ಗುರು. ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ಅಕ್ಕಿ ಗಿರಣಿಯವರು ಸೇರಿ ಶಾಲೆಗೆ 3,60,000 ರೂಪಾಯಿ ಕೊಟ್ಟಿದ್ದಾರೆ. ಆರು ಕೊಠಡಿಗಳಿಗೂ ಪ್ರೊಜೆಕ್ಟರ್ ಹಾಕಿಸಬೇಕೆಂಬುದು ಆಡಳಿತ ಮಂಡಳಿಯ ಆಸೆ. ಪ್ರತಿ ಕೊಠಡಿ 24 ಅಡಿ ಉದ್ದ, 20 ಅಡಿ ಅಗಲವಿದೆ. ನಾಲ್ಕಕ್ಕೆ ಆರ್‌ಸಿಸಿ, ಎರಡಕ್ಕೆ ತಗಡಿನ ಛಾವಣಿ. ದಿನಕ್ಕೆ ಒಂದೆರಡು ಬಾರಿ ಕರೆಂಟ್ ಹೋಗುತ್ತದೆ. ನಾಲ್ಕು ಕೊಟೇಶನ್ ಬಂದಿವೆ. ಆನ್‌ಲೈನ್‌ನಲ್ಲಿ ಸಿಗುವ, 9,500 ಲುಮೆನ್ಸ್ ಮತ್ತು '1080ಪಿ ಸಪೋರ್ಟ್' ಎಂದು ಬರೆದಿರುವ ಚಿಕ್ಕ ಪ್ರೊಜೆಕ್ಟರ್‌ಗೆ 13,500. ಲ್ಯಾಂಪ್ ಇರುವ, 3,600 ಲುಮೆನ್ಸ್‌ನ ಎಕ್ಸ್‌ಜಿಎ ಪ್ರೊಜೆಕ್ಟರ್‌ಗೆ 46,000. ಅಷ್ಟೇ ಲುಮೆನ್ಸ್‌ನ ಲೇಸರ್ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗೆ 98,000. 65 ಇಂಚಿನ ಟಚ್ ಪ್ಯಾನೆಲ್‌ಗೆ 1,35,000 ರೂಪಾಯಿ. ಯಾವುದನ್ನು ಕೊಳ್ಳುವುದು ಸರಿ?

ಉತ್ತರ: ಮುಖ್ಯ ಗುರುಗಳೇ, ಮೊದಲನೆಯ ಕೊಟೇಶನ್ ಅನ್ನು ಈಗಲೇ ಪಕ್ಕಕ್ಕಿಡಿ. ನಾಲ್ಕನೆಯದು ವಸ್ತುವಾಗಿ ಒಳ್ಳೆಯದೇ, ಆದರೆ ನಿಮ್ಮ ಕೊಠಡಿಗೆ ಚಿಕ್ಕದಾಗುತ್ತದೆ. ಉಳಿದ ಎರಡರಲ್ಲಿ ನನ್ನ ಒಲವು ಮೂರನೆಯದರ ಕಡೆಗೆ, ಅಂದರೆ ಗೋಡೆಗೆ ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಲೇಸರ್ ಶಾರ್ಟ್ ಥ್ರೋ ಕಡೆಗೆ. ಆದರೆ ಅದನ್ನು ಆರು ಕೊಠಡಿಗಲ್ಲ, ಮೂರು ಕೊಠಡಿಗೆ ಮಾತ್ರ ಹಾಕಿಸಿ, ಉಳಿದ ಹಣವನ್ನು ಗೋಡೆ, ಕಿಟಕಿ, ವೈರಿಂಗ್, ಧ್ವನಿ ಮತ್ತು ಮುಂದಿನ ನಿರ್ವಹಣೆಗೆ ಇಟ್ಟುಕೊಳ್ಳಿ. ಹೀಗೆ ಹೇಳುವುದಕ್ಕೆ ಕಾರಣಗಳಿವೆ, ಮತ್ತು ಆ ಕಾರಣಗಳಲ್ಲಿ ಹೆಚ್ಚಿನವು ಯಂತ್ರದಲ್ಲಿಲ್ಲ, ನಿಮ್ಮ ಕೊಠಡಿಯಲ್ಲಿಯೇ ಇವೆ.

ಲುಮೆನ್ಸ್ ವಿಷಯವನ್ನು ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಹಣ ಪೋಲಾಗುವುದು ಹೆಚ್ಚಾಗಿ ಅಲ್ಲಿಯೇ. ಲುಮೆನ್ಸ್ ಎಂದರೆ ಪ್ರೊಜೆಕ್ಟರಿನ ಮಸೂರದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಕ್ರಮವಿದೆ: ಗೋಡೆಯ ಮೇಲೆ ಪೂರ್ತಿ ಬಿಳಿಯ ಚಿತ್ರ ಹಾಕಿ, ಅದನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಎಂದು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ನಡುವೆ ಬೆಳಕನ್ನು ಲಕ್ಸ್‌ನಲ್ಲಿ (ಒಂದು ಚದರ ಮೀಟರಿಗೆ ಬೀಳುವ ಲುಮೆನ್ಸ್) ಅಳೆದು, ಸರಾಸರಿಯನ್ನು ಚಿತ್ರದ ಚದರ ಮೀಟರಿನಿಂದ ಗುಣಿಸಬೇಕು. ಹೀಗೆ ಅಳೆದ ಸಂಖ್ಯೆಯನ್ನು 'ಎಎನ್‌ಎಸ್‌ಐ ಲುಮೆನ್ಸ್' ಎಂದೋ 'ಐಎಸ್‌ಒ 21118 ಪ್ರಕಾರ' ಎಂದೋ ಹೆಸರುಳ್ಳ ಕಂಪನಿಗಳು ತಮ್ಮ ವಿವರಪಟ್ಟಿಯಲ್ಲಿ ಬರೆಯುತ್ತವೆ. ಹದಿಮೂರು ಸಾವಿರದ ಯಂತ್ರದ ಡಬ್ಬಿಯ ಮೇಲಿನ 9,500 ಈ ಬಗೆಯ ಅಳತೆಯಲ್ಲ. ಅದರ ಹಿಂದೆ ಎಎನ್‌ಎಸ್‌ಐ ಎಂದಾಗಲಿ ಐಎಸ್‌ಒ ಎಂದಾಗಲಿ ಬರೆದಿಲ್ಲದಿರುವುದನ್ನು ಗಮನಿಸಿ. ಇಂಥ ಯಂತ್ರಗಳನ್ನು ಸರಿಯಾಗಿ ಅಳೆದರೆ ಸಾಮಾನ್ಯವಾಗಿ ಕೆಲವು ನೂರು ಲುಮೆನ್ಸ್ ಮಾತ್ರ ಸಿಗುತ್ತದೆ. ರಾತ್ರಿ ಮನೆಯಲ್ಲಿ ದೀಪ ಆರಿಸಿ ಸಿನಿಮಾ ನೋಡುವುದಕ್ಕೆ ಅಷ್ಟು ಸಾಕು. ಹಗಲು ಹನ್ನೊಂದು ಗಂಟೆಗೆ ಐವತ್ತು ಮಕ್ಕಳಿಗೆ ಬೀಜಗಣಿತ ತೋರಿಸುವುದಕ್ಕೆ ಸಾಲದು. '1080ಪಿ ಸಪೋರ್ಟ್' ಎಂಬುದೂ ಅಂಥದ್ದೇ ಮಾತು. ಅಷ್ಟು ದೊಡ್ಡ ಚಿತ್ರವನ್ನು ಯಂತ್ರ ಒಳಕ್ಕೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ಹೊರಗೆ ತೋರಿಸುವಾಗ ಅದನ್ನು ಕುಗ್ಗಿಸಿರಬಹುದು. ನೀವು ಕೇಳಬೇಕಾದದ್ದು 'ನೇಟಿವ್ ರೆಸಲ್ಯೂಶನ್ ಎಷ್ಟು' ಎಂದು, ಅಂದರೆ ಯಂತ್ರ ತಾನೇ ಮೂಡಿಸುವ ಚುಕ್ಕೆಗಳು ಎಷ್ಟು ಎಂದು.

ಈಗ ನಿಮ್ಮ ಗೋಡೆಗೆ ಬನ್ನಿ. ಯಾವ ಪ್ರೊಜೆಕ್ಟರೂ ಗೋಡೆಯ ಮೇಲೆ ಕಪ್ಪು ಬಣ್ಣವನ್ನು ಹಾಕಲಾರದು. ಅದು ಬೆಳಕನ್ನು ಮಾತ್ರ ಚೆಲ್ಲಬಲ್ಲದು. ಚಿತ್ರದಲ್ಲಿ ಕಪ್ಪಾಗಿ ಕಾಣಬೇಕಾದ ಅಕ್ಷರವಿರುವ ಜಾಗಕ್ಕೆ ಬೆಳಕು ಬೀಳದಂತೆ ತಡೆಯಬಲ್ಲದು, ಅಷ್ಟೇ. ಆ ಜಾಗ ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಕಿಟಕಿಯಿಂದ, ಬಾಗಿಲಿನಿಂದ, ಟ್ಯೂಬ್‌ಲೈಟಿನಿಂದ ಗೋಡೆಯ ಮೇಲೆ ಬಿದ್ದಿರುವ ಬೆಳಕು. ಆದ್ದರಿಂದ ಅಕ್ಷರ ಸ್ಪಷ್ಟವಾಗಿ ಕಾಣುವುದು ಪ್ರೊಜೆಕ್ಟರಿನ ಲುಮೆನ್ಸ್ ಒಂದರಿಂದಲೇ ಅಲ್ಲ. ಪ್ರೊಜೆಕ್ಟರಿನ ಬೆಳಕೂ ಹೊರಗಿನ ಬೆಳಕೂ ಸೇರಿ ಬೀಳುವ ಬಿಳಿ ಜಾಗಕ್ಕೂ, ಹೊರಗಿನ ಬೆಳಕು ಮಾತ್ರ ಬೀಳುವ ಕಪ್ಪು ಜಾಗಕ್ಕೂ ಇರುವ ಅನುಪಾತದಿಂದ. ದೃಶ್ಯ-ಶ್ರವ್ಯ ಉದ್ಯಮದವರ ಸಂಘವಾದ ಅಮೆರಿಕದ ಇನ್ಫೋಕಾಮ್ ಸಂಸ್ಥೆ 2011ರಲ್ಲಿ ಹೊರತಂದ ಮಾನದಂಡದಲ್ಲಿ ಸುಮ್ಮನೆ ನೋಡಿ ವಿಷಯ ತಿಳಿದರೆ ಸಾಕೆನ್ನುವಲ್ಲಿ ಈ ಅನುಪಾತ 7:1, ಓದಿ ಅರ್ಥಮಾಡಿಕೊಂಡು ನಿರ್ಧಾರಕ್ಕೆ ಬರಬೇಕಾದಲ್ಲಿ 15:1 ಇರಬೇಕೆಂದು ಹೇಳಿದೆ. ಪಾಠದ ಕೊಠಡಿಗೆ ನಾನು 15:1 ಅನ್ನೇ ಗುರಿಯಾಗಿ ಹಿಡಿಯುತ್ತೇನೆ.

ನಿಮ್ಮ ಲೆಕ್ಕ ಹೀಗೆ ಬರುತ್ತದೆ. 2 ಮೀಟರ್ ಅಗಲ, 1.25 ಮೀಟರ್ ಎತ್ತರದ ಚಿತ್ರದ ವಿಸ್ತೀರ್ಣ 2.5 ಚದರ ಮೀಟರ್. 3,600 ಲುಮೆನ್ಸ್ ಅನ್ನು 2.5ರಿಂದ ಭಾಗಿಸಿದರೆ ಗೋಡೆಯ ಮೇಲೆ 1,440 ಲಕ್ಸ್ ಬೀಳುತ್ತದೆ. ಅದೇ ಗೋಡೆಯ ಮೇಲೆ ಹೊರಗಿನ ಬೆಳಕು 100 ಲಕ್ಸ್ ಇದ್ದರೆ ಬಿಳಿ ಜಾಗದಲ್ಲಿ 1,540, ಕಪ್ಪು ಜಾಗದಲ್ಲಿ 100 ಲಕ್ಸ್, ಅಂದರೆ ಅನುಪಾತ 15:1ಕ್ಕಿಂತ ತುಸು ಹೆಚ್ಚಾಗಿರುತ್ತದೆ, ಕೆಲಸ ಆಯಿತು. ಹೊರಗಿನ ಬೆಳಕು 300 ಲಕ್ಸ್ ಆದರೆ ಅದೇ ಪ್ರೊಜೆಕ್ಟರ್ ಹೆಚ್ಚುಕಡಿಮೆ 6:1ಕ್ಕೆ ಇಳಿಯುತ್ತದೆ, ಮತ್ತು ಹಿಂದಿನ ಬೆಂಚಿನ ಹುಡುಗ ಪಕ್ಕದವನ ನೋಟ್ಸ್ ನೋಡಲು ಶುರುಮಾಡುತ್ತಾನೆ. 300 ಲಕ್ಸ್ ಇರುವ ಕೊಠಡಿಯಲ್ಲಿ 15:1 ಪಡೆಯಬೇಕೆಂದರೆ ಹತ್ತು ಸಾವಿರಕ್ಕೂ ಹೆಚ್ಚು ನಿಜವಾದ ಲುಮೆನ್ಸ್ ಬೇಕಾಗುತ್ತದೆ. ಅಂಥ ಪ್ರೊಜೆಕ್ಟರ್ ಸಭಾಂಗಣದ ಸಾಮಾನು, ಅದರ ಬೆಲೆ ನಿಮ್ಮ ಇಡೀ ನಿಧಿಯನ್ನು ನುಂಗುತ್ತದೆ. ಆದರೆ ಬೋರ್ಡಿಗೆ ಹತ್ತಿರವಿರುವ ಎರಡು ಕಿಟಕಿಗಳಿಗೆ ದಪ್ಪ ಬಟ್ಟೆಯ ಪರದೆ ಕಟ್ಟಿ, ಬೋರ್ಡಿನ ಮೇಲಿನ ಟ್ಯೂಬ್‌ಲೈಟಿಗೆ ಬೇರೆ ಸ್ವಿಚ್ ಕೊಡಿಸಿದರೆ 300 ಲಕ್ಸ್ 100ರ ಹತ್ತಿರಕ್ಕೆ ಬರುವುದು ಕಷ್ಟವಲ್ಲ. ಹಿಂದಿನ ಕಿಟಕಿಗಳನ್ನು ಮುಚ್ಚುವ ಅಗತ್ಯವಿಲ್ಲ. ಮಕ್ಕಳು ಬರೆದುಕೊಳ್ಳುವುದಕ್ಕೆ ಬೆಳಕು ಬೇಕು, ನಮ್ಮ ಸೆಕೆಗೆ ಗಾಳಿಯೂ ಬೇಕು.

ಆದ್ದರಿಂದ ಕೊಳ್ಳುವ ಮುನ್ನ ಒಂದು ಲಕ್ಸ್ ಮೀಟರ್ ತರಿಸಿಕೊಳ್ಳಿ, ಇಲ್ಲವೇ ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ಕೇಳಿ ಪಡೆಯಿರಿ. ಮೊಬೈಲ್ ಆ್ಯಪ್‌ಗಳು ನಿಖರವಲ್ಲ, ಆದರೆ ಒಂದು ಕೊಠಡಿಗೂ ಇನ್ನೊಂದಕ್ಕೂ ಹೋಲಿಸಿ ನೋಡುವುದಕ್ಕೆ ಪರವಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಮೂರೂವರೆಗೆ ಆರು ಕೊಠಡಿಗಳ ಮುಂದಿನ ಗೋಡೆಯ ಮೇಲೆ ಅಳೆದು ಬರೆದಿಟ್ಟುಕೊಳ್ಳಿ. ಯಾವ ಮೂರು ಕೊಠಡಿಗಳನ್ನು ಆರಿಸಬೇಕೆಂಬುದನ್ನು ಆ ಕಾಗದವೇ ಹೇಳುತ್ತದೆ. ಪಶ್ಚಿಮಕ್ಕೆ ಬಾಗಿಲಿರುವ ಕೊಠಡಿಯಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಬೋರ್ಡಿನ ಮೇಲೆ ಬೀಳುತ್ತಿದ್ದರೆ ಅದನ್ನು ಯಾವ ಯಂತ್ರವೂ ಗೆಲ್ಲಲಾರದು.

ಮುಂದಿನ ಪ್ರಶ್ನೆ ಕೊನೆಯ ಬೆಂಚಿನದು. ಓದಬೇಕಾದ ಬರಹವಿರುವಲ್ಲಿ, ಅತಿ ದೂರ ಕುಳಿತವರು ಚಿತ್ರದ ಎತ್ತರದ ಆರು ಪಟ್ಟಿಗಿಂತ ಹೆಚ್ಚು ದೂರದಲ್ಲಿರಬಾರದು ಎಂಬ ನಿಯಮವನ್ನು ಈ ಕೆಲಸದವರು ಬಹಳ ಕಾಲದಿಂದ ಪಾಲಿಸುತ್ತ ಬಂದಿದ್ದಾರೆ. ನಿಮ್ಮ 24 ಅಡಿಯ ಕೊಠಡಿಯಲ್ಲಿ ಕೊನೆಯ ಬೆಂಚು ಬೋರ್ಡಿನಿಂದ ಸುಮಾರು 7 ಮೀಟರ್ ದೂರವಿರುತ್ತದೆ. ಹಾಗಾಗಿ ಚಿತ್ರದ ಎತ್ತರ ಕನಿಷ್ಠ 1.17 ಮೀಟರ್ ಇರಬೇಕು. 65 ಇಂಚಿನ ಪ್ಯಾನೆಲ್‌ನ ಎತ್ತರ 81 ಸೆಂಟಿಮೀಟರ್. ಅದರ ಆರು ಪಟ್ಟು ಎಂದರೆ 4.86 ಮೀಟರ್, ಅಂದರೆ 16 ಅಡಿ. ಅದರಾಚೆಗಿನ ಬೆಂಚುಗಳ ಮಕ್ಕಳಿಗೆ ಅದು ಬಣ್ಣದ ಟಿವಿಯಾಗಿ ಕಾಣುತ್ತದೆಯೇ ಹೊರತು ಓದುವ ಹಲಗೆಯಾಗಿ ಅಲ್ಲ. 86 ಇಂಚಿನ ಪ್ಯಾನೆಲ್ ತಂದರೂ ಎತ್ತರ 1.07 ಮೀಟರ್, ದೂರ 6.4 ಮೀಟರ್. ಪ್ಯಾನೆಲ್‌ಗಳಿಗೆ ಬಿಸಿಲಿನ ಬೆಳಕು ಅಷ್ಟು ತೊಂದರೆ ಕೊಡುವುದಿಲ್ಲ, ಧೂಳು ತಡೆಯುವ ಫಿಲ್ಟರ್ ಸ್ವಚ್ಛ ಮಾಡುವ ಕೆಲಸವಿಲ್ಲ, ಮೇಲೆ ಬೆರಳಿನಿಂದ ಬರೆಯಬಹುದು ಎಂಬುದೆಲ್ಲ ನಿಜ. ಹದಿನೈದು ಅಡಿ ಉದ್ದದ ಸಣ್ಣ ಕೊಠಡಿಯಾಗಿದ್ದರೆ ನಾನೇ ಪ್ಯಾನೆಲ್ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಬೆರಳಿನಿಂದ ಬರೆಯುವ ಸೌಕರ್ಯಕ್ಕೆ ಮಾರಾಟಗಾರರು ಕೊಡುವಷ್ಟು ಬೆಲೆಯನ್ನು ಶಿಕ್ಷಕರು ಕೊಡುವುದನ್ನು ನಾನು ಕಂಡಿಲ್ಲ; ಪಕ್ಕದಲ್ಲಿ ಹಳೆಯ ಬೋರ್ಡ್ ಮತ್ತು ಸೀಮೆಸುಣ್ಣ ಇದ್ದೇ ಇರುತ್ತವೆ.

ಇದೇ ಅಳತೆಯ ಲೆಕ್ಕದಲ್ಲಿ ನಿಮ್ಮ ಎರಡನೆಯ ಕೊಟೇಶನ್‌ಗೂ ಒಂದು ಆಕ್ಷೇಪವಿದೆ. ಎಕ್ಸ್‌ಜಿಎ ಎಂದರೆ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳ, 4:3 ಆಕಾರದ ಚಿತ್ರ. ಈಗಿನ ಲ್ಯಾಪ್‌ಟಾಪ್‌ಗಳೂ ವಿಡಿಯೊಗಳೂ ಬಹುಪಾಲು 16:9 ಆಕಾರದವು. ಅವನ್ನು ಎಕ್ಸ್‌ಜಿಎ ಯಂತ್ರದಲ್ಲಿ ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ನಡುವಿನ ಭಾಗ ಮಾತ್ರ ಕಾಣುತ್ತದೆ, 1.25 ಮೀಟರ್ ಎತ್ತರಕ್ಕೆಂದು ಹೊಂದಿಸಿದ ಚಿತ್ರ 94 ಸೆಂಟಿಮೀಟರಿಗೆ ಇಳಿದು, ಕೊನೆಯ ಬೆಂಚು ಮತ್ತೆ ಕೈತಪ್ಪುತ್ತದೆ. ಅದೇ ದರದ ಆಸುಪಾಸಿನಲ್ಲಿ ಡಬ್ಲ್ಯುಎಕ್ಸ್‌ಜಿಎ, ಅಂದರೆ 1280 × 800 ಚುಕ್ಕೆಗಳ, 16:10 ಆಕಾರದ ಮಾದರಿಯನ್ನು ಕೇಳಿ. ಕನ್ನಡ ಅಕ್ಷರದ ಒತ್ತು, ಗುಣಿತದ ಸುಳಿಗಳು ಚಿಕ್ಕ ಗಾತ್ರದಲ್ಲಿ ಮೊದಲು ಕೆಡುತ್ತವೆ. ರೋಮನ್ ಅಕ್ಷರ ಚೆನ್ನಾಗಿ ಕಂಡಿತೆಂದು ಡೆಮೊ ಒಪ್ಪಿಕೊಳ್ಳಬೇಡಿ, ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದ ಒಂದು ಪುಟವನ್ನು ಹಾಕಿಸಿ ಹಿಂದಿನ ಗೋಡೆಗೆ ಒರಗಿ ನಿಂತು ಓದಿ ನೋಡಿ. ಫುಲ್ ಎಚ್‌ಡಿ ಇದ್ದರೆ ಸಂತೋಷ, ಆದರೆ ಅದಕ್ಕಾಗಿ ಬೆಳಕನ್ನು ಕಡಿಮೆ ಮಾಡಿಕೊಳ್ಳಬೇಡಿ.

ಪ್ರೊಜೆಕ್ಟರ್ ಎಲ್ಲಿ ಕೂರುತ್ತದೆ ಎಂಬುದನ್ನು ನಿರ್ಧರಿಸುವುದು 'ಥ್ರೋ ರೇಶಿಯೊ'. ಗೋಡೆಯಿಂದ ಯಂತ್ರಕ್ಕಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಅದು ಸಿಗುತ್ತದೆ. 1.5 ಇದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ ಯಂತ್ರ 3 ಮೀಟರ್ ಹಿಂದೆ ಇರಬೇಕು; 0.5 ಇದ್ದರೆ ಒಂದೇ ಮೀಟರ್. ಮೂರು ಮೀಟರ್ ಹಿಂದೆ ಎಂದರೆ ನಿಮ್ಮ ಕೊಠಡಿಯ ನಡುಭಾಗದ ಹತ್ತಿರ, ಸೀಲಿಂಗ್ ಫ್ಯಾನುಗಳ ಸಾಲಿನಲ್ಲಿ. ಫ್ಯಾನಿನ ರೆಕ್ಕೆ ಬೆಳಕಿನ ದಾರಿಗೆ ಅಡ್ಡ ಬಂದರೆ ಚಿತ್ರ ಮಿಣುಕುತ್ತದೆ, ಮತ್ತು ಈ ಭಾಗದಲ್ಲಿ ಪ್ರೊಜೆಕ್ಟರಿಗಾಗಿ ಫ್ಯಾನ್ ಆರಿಸುವ ಮಾತು ಜನವರಿಯ ಆಚೆಗೆ ನಡೆಯುವುದಿಲ್ಲ. ಒಂದು ಮೀಟರಿನ ಶಾರ್ಟ್ ಥ್ರೋ ಯಂತ್ರವನ್ನು ಬೋರ್ಡಿನ ಮೇಲಿನ ಗೋಡೆಗೇ ಕಬ್ಬಿಣದ ತೋಳು ಹಾಕಿ ಕೂರಿಸಬಹುದು. ತಗಡಿನ ಛಾವಣಿಯ ಎರಡು ಕೊಠಡಿಗಳಲ್ಲಿ ಮೇಲಿಂದ ತೂಗುಹಾಕುವುದಕ್ಕೆ ಆಧಾರವೇ ಇಲ್ಲದಿರುವುದರಿಂದ ಅಲ್ಲಿ ಇದು ಹೆಚ್ಚುಕಡಿಮೆ ಒಂದೇ ದಾರಿ. ಇನ್ನೊಂದು ಲಾಭ ಶಿಕ್ಷಕರಿಗೆ ಸೇರಿದ್ದು: ಬೋರ್ಡಿನ ಮುಂದೆ ನಿಂತು ಪಾಠ ಮಾಡುವಾಗ ನೆರಳು ಕಡಿಮೆ ಬೀಳುತ್ತದೆ, ಮಕ್ಕಳ ಕಡೆಗೆ ತಿರುಗಿದಾಗ ಬೆಳಕು ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಈ ಪ್ರಖರತೆಯ ಯಂತ್ರದ ಮಸೂರವನ್ನು ಹತ್ತಿರದಿಂದ ದಿಟ್ಟಿಸಬಾರದೆಂಬ ಎಚ್ಚರಿಕೆಯನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ಎಲ್ಲಿ ಕೂರಿಸಿದರೂ ಯಂತ್ರ ಗೋಡೆಗೆ ನೇರವಾಗಿರಲಿ. ವಾರೆಯಾಗಿಟ್ಟು 'ಕೀಸ್ಟೋನ್' ಗುಂಡಿಯಿಂದ ಚಿತ್ರವನ್ನು ಚೌಕ ಮಾಡಬಹುದು ಎಂದು ಅಳವಡಿಸಲು ಬಂದ ಹುಡುಗರು ಹೇಳುತ್ತಾರೆ. ಹಾಗೆ ಮಾಡಿದಾಗ ಯಂತ್ರ ಚುಕ್ಕೆಗಳ ಒಂದು ಪಾಲನ್ನು ಕಪ್ಪು ಮಾಡಿ ಎಸೆಯುತ್ತದೆ, ಬೆಳಕೂ ಅಕ್ಷರದ ಅಂಚೂ ಎರಡೂ ಕೆಡುತ್ತವೆ. ಚಿತ್ರದ ಕೆಳ ಅಂಚು ನೆಲದಿಂದ ನಾಲ್ಕು ಅಡಿಗಿಂತ ಕೆಳಗೆ ಬಾರದಿರಲಿ, ಇಲ್ಲದಿದ್ದರೆ ಮುಂದಿನವರ ತಲೆ ಹಿಂದಿನವರಿಗೆ ಅಡ್ಡವಾಗುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಧೂಳು ಮತ್ತು ಸೆಕೆಗಳ ವಿಷಯ ಎಲ್ಲಕ್ಕಿಂತ ದೊಡ್ಡದು, ಆದರೆ ಯಾವ ಕೊಟೇಶನ್‌ನಲ್ಲೂ ಅದರ ಉಲ್ಲೇಖವಿರುವುದಿಲ್ಲ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಕೆಂಪು ಧೂಳು, ಕೊಪ್ಪಳದ ಗಿಣಿಗೇರಿ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಧೂಳು, ರಾಯಚೂರಿನ ಶಕ್ತಿನಗರದಲ್ಲಿ ಹಾರುಬೂದಿ, ಹತ್ತಿ ಜಿನ್ನಿಂಗ್ ಮಿಲ್ಲುಗಳ ಪಕ್ಕದಲ್ಲಿ ನೂಲಿನ ಎಳೆ, ಮತ್ತು ತುಂಗಭದ್ರಾ ಕಾಲುವೆಯ ಕೆಳಗಿನ ನಿಮ್ಮ ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತದ ಕೊಯ್ಲು ಮತ್ತು ಗಿರಣಿಗಳ ಹೊಟ್ಟಿನ ಧೂಳು. ಪ್ರೊಜೆಕ್ಟರಿಗೆ ಹಣ ಕೊಟ್ಟ ಗಿರಣಿಯಿಂದಲೇ ಅದರ ಫಿಲ್ಟರಿಗೆ ಧೂಳೂ ಬರುತ್ತದೆ ಎಂಬುದನ್ನು ದಾನಿಗಳ ಮುಂದೆ ಹೇಳಬೇಕಾಗಿಲ್ಲ, ಆದರೆ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಇದಕ್ಕೆ ಸೀಮೆಸುಣ್ಣದ ಪುಡಿಯನ್ನೂ ಸೇರಿಸಿ.

ಧೂಳು ಯಂತ್ರದ ಒಳಗೆ ಮಾಡುವ ಕೆಲಸ ಎರಡು ಬಗೆಯದು. ಒಂದು, ಗಾಳಿಯ ದಾರಿ ಕಟ್ಟಿ ಯಂತ್ರ ಕಾಯುತ್ತದೆ. ಕಾದ ಯಂತ್ರ ತಾನೇ ಬೆಳಕು ತಗ್ಗಿಸುತ್ತದೆ ಅಥವಾ ಆರಿಹೋಗುತ್ತದೆ. ಎರಡು, ಚಿತ್ರ ಮೂಡಿಸುವ ಭಾಗದ ಮೇಲೆ ಕುಳಿತು ಕಲೆಯಾಗುತ್ತದೆ. ಮೂರು ಎಲ್‌ಸಿಡಿ ಫಲಕಗಳ ಯಂತ್ರಗಳಲ್ಲಿ ಫಲಕಗಳನ್ನು ತಂಪಾಗಿಡಲು ಗಾಳಿಯನ್ನು ಅವುಗಳ ಮೇಲೆಯೇ ಹಾಯಿಸುವುದರಿಂದ ಫಿಲ್ಟರ್ ಕೆಟ್ಟರೆ ಹಸಿರು, ನೇರಳೆ ಕಲೆಗಳು ಚಿತ್ರದ ಮೇಲೆ ಕಾಣತೊಡಗುತ್ತವೆ. ಡಿಎಲ್‌ಪಿ ಎಂಬ ಇನ್ನೊಂದು ತಂತ್ರದಲ್ಲಿ ಬೆರಳ ತುದಿಯಷ್ಟು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲಿನ ಲಕ್ಷಾಂತರ ಕಿರುಗನ್ನಡಿಗಳು ಹೊರಳಾಡಿ ಚಿತ್ರ ಮೂಡಿಸುತ್ತವೆ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಈ ಚಿಪ್ಪನ್ನು ಗಾಜಿನ ಹೊದಿಕೆಯೊಳಗೆ ಮುಚ್ಚಿರುವುದರಿಂದ ಧೂಳಿಗೆ ಅದು ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಸೆಕೆಗೆ ಅದೂ ಸೋಲುತ್ತದೆ; ಬಹಳ ಕಾದ ಯಂತ್ರದಲ್ಲಿ ಕಿರುಗನ್ನಡಿಗಳು ಸಿಕ್ಕಿಕೊಂಡು ಬಿಳಿ ಚುಕ್ಕೆಗಳು ಏಳುತ್ತವೆ.

ಡಿಎಲ್‌ಪಿಗೆ ಇನ್ನೊಂದು ಕೊರತೆಯನ್ನೂ ಹೇಳದೆ ಬಿಡಬಾರದು. ಒಂದೇ ಚಿಪ್ಪಿನ ಯಂತ್ರಗಳು ಬಣ್ಣಗಳನ್ನು ಒಂದರ ಹಿಂದೆ ಒಂದರಂತೆ ಹಾಕುತ್ತವೆ. ಬಿಳಿಯ ಬೆಳಕನ್ನು ಹೆಚ್ಚಿಸಿ ತೋರಿಸಿದ ಯಂತ್ರದಲ್ಲಿ ಲುಮೆನ್ಸ್ ಸಂಖ್ಯೆ ದೊಡ್ಡದಿದ್ದರೂ ಕೆಂಪು, ಹಳದಿ, ನೀಲಿಗಳು ಮಂಕಾಗಿರಬಹುದು. ಮೂರು ಎಲ್‌ಸಿಡಿಯ ಯಂತ್ರದಲ್ಲಿ ಈ ದೋಷವಿಲ್ಲ. ಡೆಮೊದಲ್ಲಿ ಬಿಳಿ ಹಿನ್ನೆಲೆಯ ಸ್ಲೈಡ್ ಜೊತೆಗೆ ಕರ್ನಾಟಕದ ಬಣ್ಣದ ಭೂಪಟವನ್ನೂ ಹೃದಯದ ಚಿತ್ರವನ್ನೂ ಹಾಕಿಸಿ ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಸೆಕೆಯ ಮಾತು ಬಂದಾಗ ವಿವರಪಟ್ಟಿಯಲ್ಲಿ 'ಆಪರೇಟಿಂಗ್ ಟೆಂಪರೇಚರ್' ಎಂಬ ಸಾಲನ್ನು ಓದಿ. ಹಲವು ಯಂತ್ರಗಳಿಗೆ ಅದು 35 ಡಿಗ್ರಿಯವರೆಗೆ, ಕೆಲವಕ್ಕೆ 40ರವರೆಗೆ ಇರುತ್ತದೆ. ಬಳ್ಳಾರಿ, ರಾಯಚೂರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲೇ 40 ದಾಟುತ್ತದೆ; ತಗಡಿನ ಛಾವಣಿಯ ಅಡಿಯಲ್ಲಿ ಗಾಳಿ ಇನ್ನೂ ಬಿಸಿ. ರಜೆ ಬರುವ ಮುಂಚಿನ ಮಾರ್ಚ್ ತಿಂಗಳೇ, ಪರೀಕ್ಷೆಯ ಪುನರಾವರ್ತನೆಗೆ ಪ್ರೊಜೆಕ್ಟರ್ ಹೆಚ್ಚು ಬೇಕಾಗುವ ಕಾಲ. 40 ಡಿಗ್ರಿಯ ಯಂತ್ರವನ್ನೇ ಕೇಳಿ, ಛಾವಣಿಯಿಂದ ಕನಿಷ್ಠ ಒಂದೂವರೆ ಅಡಿ ಕೆಳಗೆ ಕೂರಿಸಿ, ಮತ್ತು ಆಯ್ಕೆ ಇದ್ದರೆ ಆ ಎರಡು ಕೊಠಡಿಗಳನ್ನು ಈ ಸಲ ಕೈಬಿಡಿ. ಕಳವಿನ ಭಯಕ್ಕೆ ಸುತ್ತಲೂ ತಗಡು ಹೊಡೆದು ಪೆಟ್ಟಿಗೆ ಮಾಡಿಸುವ ಶಾಲೆಗಳಿವೆ. ಅದು ಯಂತ್ರವನ್ನು ಒಲೆಯೊಳಗೆ ಇಟ್ಟಂತೆ. ಸರಳುಗಳ ಪಂಜರ ಮಾಡಿಸಿ ಬೀಗ ಹಾಕಿ, ಬಿಸಿಗಾಳಿ ಹೊರಬರುವ ಕಡೆಗೆ ಒಂದು ಅಡಿಗಿಂತ ಹೆಚ್ಚು ಜಾಗ ಬಿಡಿ.

ಫಿಲ್ಟರ್ ಇರುವ ಯಂತ್ರ ತಂದರೆ ಅದನ್ನು ಸಾಮಾನ್ಯ ದಿನಗಳಲ್ಲಿ ತಿಂಗಳಿಗೊಮ್ಮೆ, ಗಿರಣಿ ಜೋರಾಗಿ ನಡೆಯುವ ಕೊಯ್ಲಿನ ನಂತರದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಮೆತ್ತನೆಯ ಬ್ರಷ್ ಅಥವಾ ಚಿಕ್ಕ ವ್ಯಾಕ್ಯೂಮ್ ಕ್ಲೀನರಿನಿಂದ ಸ್ವಚ್ಛ ಮಾಡಬೇಕು. ಒದ್ದೆ ಬಟ್ಟೆ ಬೇಡ. ಸೈಕಲ್ ಅಂಗಡಿಯ ಏರ್ ಪಂಪಿನಿಂದ ಒಳಕ್ಕೆ ಊದಿಸುವುದಂತೂ ಬೇಡವೇ ಬೇಡ. ಈ ಕೆಲಸಕ್ಕೆ ಒಬ್ಬ ಶಿಕ್ಷಕರ ಹೆಸರನ್ನು ಬರೆದಿಡಿ, ಎಲ್ಲರ ಕೆಲಸವೆಂದರೆ ಯಾರೂ ಮಾಡುವುದಿಲ್ಲ.

ಕರೆಂಟಿನ ವಿಷಯದಲ್ಲಿ ಲ್ಯಾಂಪ್ ಮತ್ತು ಲೇಸರ್ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಲ್ಯಾಂಪ್ ಯಂತ್ರದೊಳಗಿನದು ಪಾದರಸವಿರುವ, ಅತಿ ಒತ್ತಡದ ಬಲ್ಬು. ಪಾಠದ ನಡುವೆ ಕರೆಂಟ್ ಹೋದರೆ ಒಳಗಿನ ಫ್ಯಾನೂ ನಿಲ್ಲುತ್ತದೆ, ಬಲ್ಬಿನ ಬಿಸಿ ಹೊರಗೆ ಹೋಗದೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಕರೆಂಟ್ ಮರಳಿ ಬಂದರೂ ಬಲ್ಬು ತಣಿಯುವವರೆಗೆ ಯಂತ್ರ ಹೊತ್ತಿಕೊಳ್ಳುವುದಿಲ್ಲ, ಆ ಪೀರಿಯಡ್ ಹೋದಂತೆಯೇ ಲೆಕ್ಕ. ಲೇಸರ್ ಯಂತ್ರ ಕೂಡಲೇ ಹೊತ್ತುತ್ತದೆ, ಕೂಡಲೇ ಆರುತ್ತದೆ. ದಿನಕ್ಕೆ ಎರಡು ಬಾರಿ ಕರೆಂಟ್ ಹೋಗುವ ಶಾಲೆಗೆ ಇದೊಂದೇ ಗುಣ ಬೆಲೆಯ ವ್ಯತ್ಯಾಸದ ದೊಡ್ಡ ಪಾಲನ್ನು ಸಮರ್ಥಿಸುತ್ತದೆ.

ವೋಲ್ಟೇಜ್ ಇಳಿಯುವುದಕ್ಕೆ ಬಹಳ ಹೆದರಬೇಕಾಗಿಲ್ಲ. ಈಗಿನ ಪ್ರೊಜೆಕ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುವಂತೆ ಮಾಡಿರುತ್ತಾರೆ. ಹೆದರಬೇಕಾದದ್ದು ನ್ಯೂಟ್ರಲ್ ತಂತಿ ಕಡಿದು ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜಿಗೆ ಮತ್ತು ಸಿಡಿಲಿಗೆ. ಅದಕ್ಕೆ ಬೇಕಾಗಿರುವುದು ಹೆಚ್ಚು ವೋಲ್ಟೇಜ್ ಬಂದರೆ ತಾನೇ ಕಡಿದುಹಾಕುವ ರಕ್ಷಣಾ ಸಾಧನ ಮತ್ತು ಸರಿಯಾದ ಅರ್ಥಿಂಗ್. ಎಲೆಕ್ಟ್ರಿಶಿಯನ್ ಕರೆದು ಶಾಲೆಯ ಅರ್ಥ್ ಪಿಟ್ ಅನ್ನು ಅಳೆಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಿ. ಕಚೇರಿಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್‌ವೇವ್ ಇನ್ವರ್ಟರ್ ಆಗಿರಲಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ ಸುಮಾರು 330 ವಾಟ್ ಎಂದು ಹಿಡಿದರೆ, ಚೆನ್ನಾಗಿರುವ 150 ಆ್ಯಂಪಿಯರ್-ಅವರ್ ಬ್ಯಾಟರಿಯೊಂದರಿಂದ ಎರಡೂವರೆಯಿಂದ ಮೂರು ಗಂಟೆ ನಡೆಯುತ್ತದೆ.

ಈಗ ಖರ್ಚಿನ ಮಾತು. ಲ್ಯಾಂಪಿನ ಆಯಸ್ಸು 5,000 ಗಂಟೆ ಎಂದು ಬರೆದಿದ್ದರೆ, ಅಷ್ಟು ಹೊತ್ತಿಗೆ ಅದರ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಎಂದು ಅರ್ಥ. ದಿನಕ್ಕೆ ನಾಲ್ಕು ಗಂಟೆಯಂತೆ 220 ದಿನ ಬಳಸಿದರೆ ವರ್ಷಕ್ಕೆ 880 ಗಂಟೆ; ಆರನೆಯ ವರ್ಷದಲ್ಲಿ ಲ್ಯಾಂಪ್ ಬದಲಿಸಬೇಕಾಗುತ್ತದೆ, ಆದರೆ ಅದಕ್ಕೂ ಎಷ್ಟೋ ಮುಂಚೆ ನಿಮ್ಮ 15:1 ಅನುಪಾತ 10:1ರ ಆಸುಪಾಸಿಗೆ ಬಂದಿರುತ್ತದೆ. ಲೇಸರಿಗೆ ಸಾಮಾನ್ಯವಾಗಿ 20,000 ಗಂಟೆ ಎಂದು ಹೇಳುತ್ತಾರೆ. ದಿನವಿಡೀ ಬಳಸಿದರೂ ಅದಕ್ಕಿಂತ ಮೊದಲೇ ಯಂತ್ರದ ಬೇರೆ ಭಾಗಗಳು ಕೈಕೊಡುತ್ತವೆ. ಆದರೆ ಲೇಸರಿನ ವಿರುದ್ಧ ಒಂದು ನ್ಯಾಯವಾದ ಮಾತಿದೆ: ಲ್ಯಾಂಪ್ ಹೋದರೆ ಹೊಸದು ಹಾಕಬಹುದು, ವಾರಂಟಿ ಮುಗಿದ ಮೇಲೆ ಲೇಸರ್ ಭಾಗವೇ ಹೋದರೆ ಅದರ ದುರಸ್ತಿ ಹೊಸ ಯಂತ್ರ ಕೊಳ್ಳುವ ಖರ್ಚಿಗೆ ಹತ್ತಿರ ಬರಬಹುದು. ಆದ್ದರಿಂದ ಬೆಳಕಿನ ಭಾಗಕ್ಕೆ ಎಷ್ಟು ವರ್ಷ ಮತ್ತು ಎಷ್ಟು ಗಂಟೆಯ ವಾರಂಟಿ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳದೆ ಲೇಸರ್ ಕೊಳ್ಳಬೇಡಿ. ಲ್ಯಾಂಪ್ ಯಂತ್ರಗಳಲ್ಲಿಯೂ ಯಂತ್ರಕ್ಕೆ ಒಂದು ವಾರಂಟಿ, ಲ್ಯಾಂಪಿಗೆ ಅದಕ್ಕಿಂತ ಕಡಿಮೆ ಅವಧಿಯ ಇನ್ನೊಂದು ಇರುತ್ತದೆ.

ಕೊಠಡಿಗಳ ಸಂಖ್ಯೆಯನ್ನು ಆಡಳಿತ ಮಂಡಳಿಗೆ ಹೀಗೆ ವಿವರಿಸಿ. ಆರು ತರಗತಿಗಳಿಗೆ ದಿನಕ್ಕೆ ಏಳರಂತೆ 42 ಪೀರಿಯಡ್‌ಗಳು. ಅವುಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಪ್ರೊಜೆಕ್ಟರ್ ನಿಜಕ್ಕೂ ಬೇಕಾಗುತ್ತದೆ ಎಂದುಕೊಂಡರೂ ಹತ್ತು ಹನ್ನೊಂದು ಪೀರಿಯಡ್. ಮೂರು ಸಿದ್ಧ ಕೊಠಡಿಗಳಲ್ಲಿ 21 ಪೀರಿಯಡ್‌ಗಳಿಗೆ ಜಾಗವಿದೆ. ವೇಳಾಪಟ್ಟಿಯಲ್ಲಿ ಕೊಠಡಿ ಬದಲಾವಣೆಯನ್ನು ಸೇರಿಸಿದರೆ ಸಾಕು. ಮಕ್ಕಳು ಎದ್ದು ಪಕ್ಕದ ಕೊಠಡಿಗೆ ನಡೆಯುವುದು ಅವರಿಗೂ ಬೇಸರದ ಕೆಲಸವಲ್ಲ.

ಮೂರು ಲೇಸರ್ ಯಂತ್ರಗಳಿಗೆ 2,94,000 ರೂಪಾಯಿ. ಉಳಿಯುವ 66,000ದಲ್ಲಿ ಗೋಡೆ ಮತ್ತು ಕಿಟಕಿ ಪರದೆಗೆ 15,000, ಮೂರು ಜೊತೆ ಸ್ಪೀಕರ್‌ಗೆ 12,000, ಪಂಜರ, ವೈರಿಂಗ್, ಅರ್ಥಿಂಗ್‌ಗೆ 15,000 ಎಂದು ಇಟ್ಟುಕೊಂಡರೆ 24,000 ಮಿಗುತ್ತದೆ; ಅದನ್ನು ಪ್ರೊಜೆಕ್ಟರಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿಡಿ. ಕೊಟೇಶನ್‌ನ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಇವತ್ತೇ ಕೇಳಿ. ಸೇರಿಲ್ಲವಾದರೆ ಈ ಲೆಕ್ಕ ಕುಸಿಯುತ್ತದೆ. ಆಗ ಮೂರರ ಬದಲು ಎರಡು ಕೊಳ್ಳಿ, ಪರದೆ ಮತ್ತು ಅರ್ಥಿಂಗ್ ಅನ್ನು ಮಾತ್ರ ಕಡಿತ ಮಾಡಬೇಡಿ.

ಗೋಡೆಗೆ ದುಬಾರಿ ಸ್ಕ್ರೀನ್ ಬೇಡ. ಗಾರೆ ನಯವಾಗಿದ್ದರೆ ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಎರಡು ಕೋಟ್ ಸಾಕು. ಮಾರ್ಕರ್‌ನಿಂದ ಬರೆಯುವ ಬಿಳಿ ಬೋರ್ಡಿನ ಮೇಲೆ ಹಾಕಬೇಡಿ, ಅದರ ಹೊಳಪಿನಲ್ಲಿ ಯಂತ್ರದ ಬೆಳಕೇ ಪ್ರತಿಫಲಿಸಿ ನಡುವೆ ಒಂದು ಬಿಳಿ ಗುಂಡು ಕಾಣುತ್ತದೆ. ಯಂತ್ರದೊಳಗಿನ ಸ್ಪೀಕರ್ ಎರಡು ಫ್ಯಾನು ತಿರುಗುವ ಕೊಠಡಿಗೆ ಏನೂ ಅಲ್ಲ. ಎಚ್‌ಡಿಎಂಐ ಕೇಬಲ್ ಹತ್ತು ಮೀಟರಿಗಿಂತ ಉದ್ದ ಬೇಕಾದರೆ ಸಾಧಾರಣ ಕೇಬಲ್‌ನಲ್ಲಿ ಚಿತ್ರ ಕಡಿದು ಬರುವ ಸಾಧ್ಯತೆ ಇರುವುದರಿಂದ ಒಳ್ಳೆಯದನ್ನೇ ಹಾಕಿಸಿ. ದೀಕ್ಷಾ ಆ್ಯಪ್‌ನಲ್ಲಿರುವ ಕನ್ನಡ ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದ ದಿನವೂ ಪಾಠ ನಿಲ್ಲುವುದಿಲ್ಲ.

ಆರ್ಡರ್ ಕೊಡುವ ಪತ್ರದಲ್ಲಿ ಕೆಲವು ಮಾತುಗಳು ಇರಲೇಬೇಕು. ಐಎಸ್‌ಒ 21118 ಪ್ರಕಾರ 3,600 ಲುಮೆನ್ಸ್. ನೇಟಿವ್ ರೆಸಲ್ಯೂಶನ್ 1280 × 800. 40 ಡಿಗ್ರಿಯವರೆಗೆ ಕೆಲಸ ಮಾಡುವ ಸಾಮರ್ಥ್ಯ. ಬೆಳಕಿನ ಭಾಗದ ವಾರಂಟಿಯ ವರ್ಷ ಮತ್ತು ಗಂಟೆ. ದುರಸ್ತಿಗೆ ಯಂತ್ರವನ್ನು ಯಾವ ಊರಿಗೆ, ಯಾರ ಖರ್ಚಿನಲ್ಲಿ ಕಳಿಸಬೇಕು, ಎಷ್ಟು ದಿನದಲ್ಲಿ ಮರಳಿ ಬರಬೇಕು ಎಂಬ ವಿವರ. ಕೊನೆಯದನ್ನು ಬರೆಯಲು ಅಂಗಡಿಯವರು ಹಿಂದೆಗೆದರೆ ಗಂಗಾವತಿಯ ಅಂಗಡಿ ಬಿಟ್ಟು ಹೊಸಪೇಟೆ, ಬಳ್ಳಾರಿ ಅಥವಾ ಹುಬ್ಬಳ್ಳಿಯಲ್ಲಿ ವಿಚಾರಿಸಿ. ಊರ ಹತ್ತಿರದ ಮಾರಾಟಗಾರನಿಗಿಂತ ದುರಸ್ತಿಯ ಹೊಣೆ ಹೊರುವ ಮಾರಾಟಗಾರ ಮುಖ್ಯ. ಯಂತ್ರ ಬಂದ ದಿನ ಹಣದ ಕೊನೆಯ ಕಂತು ಕೊಡುವ ಮುನ್ನ, ಮೇಲೆ ಹೇಳಿದ ಒಂಬತ್ತು ಭಾಗಗಳ ಅಳತೆಯನ್ನು ಅವರ ಎದುರಿಗೇ ಮಾಡಿ. ಕಿಟಕಿ, ಬಾಗಿಲು ಮುಚ್ಚಿ ಪ್ರೊಜೆಕ್ಟರ್ ಆರಿಸಿದಾಗಿನ ಲಕ್ಸ್ ಅನ್ನು ಪ್ರತಿ ಅಳತೆಯಿಂದಲೂ ಕಳೆಯಲು ಮರೆಯಬೇಡಿ. 2.5 ಚದರ ಮೀಟರಿನ ಚಿತ್ರದ ಮೇಲೆ ಸರಾಸರಿ 1,300 ಲಕ್ಸ್ ಬಂದರೂ ಒಪ್ಪಿಕೊಳ್ಳಬಹುದು, ಶಾಲೆಯ ಮೀಟರಿನ ತಪ್ಪಿಗೆ ಅಷ್ಟು ಬಿಡಬೇಕು. ಸಾವಿರಕ್ಕಿಂತ ಕೆಳಗೆ ಬಂದರೆ ಮೊದಲು ಬೆಳಕು ತಗ್ಗಿಸಿ ಕರೆಂಟ್ ಉಳಿಸುವ ಇಕೋ ಮೋಡ್ ಹಾಕಿದ್ದಾರೆಯೇ ನೋಡಿ. ಹಾಕಿಲ್ಲವಾದರೆ ಯಂತ್ರವನ್ನು ಮತ್ತೆ ಡಬ್ಬಿಗೆ ಹಾಕಿಸಿ ಕಳಿಸಿಬಿಡಿ.